ಆಫೀಸರ್ ಹೋದ ಮೇಲೆ

ಆ ಬಡಾವಣೆಯಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರು ಯಾರೂ ಇರಲಿಲ್ಲ. ದೂರದ ನಾಡುಗಳಿಂದ ಬಂದು ನೆಲೆಸಿದ ಮನೆಗಳಲ್ಲೆಲ್ಲ ಅವಳು ಬಾಗಿಲಕ್ಕ. ಮೊದಲು ‘ಬಾಗಿಲು ತಟ್ಟೋ ಅಕ್ಕ’ ಎಂದಿದ್ದದ್ದು ಬಾಯಿಂದ ಬಾಯಿಗೆ ಸವೆದು ಹಾಗಾಗಿತ್ತು. ಆ ಹೆಸರಿನಲ್ಲಿ ಸಲಿಗೆ ಎಷ್ಟಿತ್ತೋ ದಿಗಿಲೂ ಅಷ್ಟೇ ಇತ್ತು. ಊಟಕ್ಕೆ ಹಟ ಮಾಡುವ ಮಕ್ಕಳನ್ನು ತಾಯಂದಿರು ‘ತಡಿ, ಬಾಗಿಲಕ್ಕನಿಗೆ ಹೇಳ್ತೀನಿ’ ಎಂದು ಗದರಿಸುತ್ತಿದ್ದರು. ಗಂಡ ಕೈ ಎತ್ತಿದ ದಿನ ಅದೇ ತಾಯಂದಿರು ಬಚ್ಚಲಮನೆಯ ಬಾಗಿಲು ಹಾಕಿಕೊಂಡು, ನಲ್ಲಿ ತಿರುಗಿಸಿಟ್ಟು, ಅವಳಿಗೇ ಫೋನು ಮಾಡುತ್ತಿದ್ದರು.

ಮಕ್ಕಳ ರಕ್ಷಣೆಯ ಕಚೇರಿಯಲ್ಲಿ ಅವಳ ಕೆಲಸ. ಶಾಲೆಗೆ ಬಾರದ ಮಗು, ಮೈಮೇಲೆ ಏಟಿನ ಗುರುತಿರುವ ಮಗು, ನೋಡಿಕೊಳ್ಳುವವರಿಲ್ಲದ ಮಗು ಎಂದು ದೂರು ಬಂದ ಮನೆಗಳಿಗೆ ಹೋಗಬೇಕು. ಕೂರಬೇಕು, ಕೇಳಬೇಕು, ಕಣ್ಣಿಟ್ಟು ನೋಡಬೇಕು. ಆ ಮಗು ಆ ಮನೆಯಲ್ಲೇ ಇರಬಹುದೋ ಬೇಡವೋ ಎಂದು ಬಂದು ಹೇಳಬೇಕು. ಮುಸ್ಲಿಂ ಹೆಸರಿರುವ ದೂರು ಯಾವುದೇ ಬರಲಿ, ಅದು ಬೇರೆಲ್ಲೂ ನಿಲ್ಲದೆ ಸೀದಾ ಅವಳ ಮೇಜಿಗೆ ಬರುತ್ತಿತ್ತು. ‘ನಿಮ್ಮೋರೇ ಅಲ್ವಾ ಮೇಡಂ, ನೀವು ಹೋದ್ರೆ ಬಾಗಿಲು ತೆಗೀತಾರೆ’ ಎನ್ನುತ್ತಿದ್ದರು ಮೇಲಧಿಕಾರಿ. ಆ ಹೆಂಗಸು ಕೆಟ್ಟವರೇನಲ್ಲ. ಅವಳ ಕೆಲಸವನ್ನು ಹತ್ತು ಜನರೆದುರು ಹೊಗಳುತ್ತಿದ್ದರು, ಹೊಗಳುವಾಗಲೂ ‘ನಿಮ್ಮೋರು’ ಎನ್ನುವುದನ್ನು ಮಾತ್ರ ಬಿಡುತ್ತಿರಲಿಲ್ಲ.

ಬಾಗಿಲು ತೆಗೆಯುತ್ತಿದ್ದದ್ದೇನೋ ನಿಜ. ಆದರೆ ಒಳಗೆ ಹೋಗಿ ಕೂತರೆ ಆ ಮನೆಯ ಹಿರಿಯರು ಅವಳ ತಲೆಯ ಮೇಲಿನ ಸ್ಕಾರ್ಫನ್ನೊಮ್ಮೆ, ಕೊರಳಿನ ಗುರುತಿನ ಚೀಟಿಯನ್ನೊಮ್ಮೆ ನೋಡಿ, ‘ನಿಮ್ಮೋರು ಮಕ್ಕಳನ್ನ ಎಲ್ಲಿಗೆ ಕರ್ಕೊಂಡು ಹೋಗ್ತಾರಮ್ಮ?’ ಎಂದು ಕೇಳುತ್ತಿದ್ದರು. ಕಚೇರಿಯ ಲೆಕ್ಕದಲ್ಲಿ ಅವಳು ಆ ಮನೆಗಳವಳು. ಮನೆಗಳ ಲೆಕ್ಕದಲ್ಲಿ ಕಚೇರಿಯವಳು. ‘ನನ್ನನ್ನ ನಮ್ಮೋಳು ಅನ್ನೋಕೆ ಸರ್ಕಾರ ಇನ್ನೊಂದು ಇಲಾಖೆ ತೆರೀಬೇಕು’ ಎಂದು ಅವಳು ಒಮ್ಮೆ ಅಂದಿದ್ದಳು. ಜೊತೆಯವರು ಅದನ್ನು ವರ್ಷಗಟ್ಟಲೆ ನೆನೆಸಿಕೊಂಡು ನಕ್ಕರು. ಮಾತು ಅಷ್ಟು ಚೆನ್ನಾಗಿತ್ತು ಅಂತಲ್ಲ. ಅವಳು ತಾನಾಗಿ ಆಡಿದ ಮಾತು ಅದೊಂದೇ ಅವರಿಗೆ ಗೊತ್ತಿದ್ದದ್ದು.

ಅಷ್ಟು ಮಾತು ಕಡಿಮೆ. ಕೇಳಿದ್ದಕ್ಕೆ ಉತ್ತರ, ಉತ್ತರದಲ್ಲಿ ಒಂದು ಪದ ಹೆಚ್ಚಿಲ್ಲ ಕಡಿಮೆಯಿಲ್ಲ. ಬಟ್ಟೆ ಸುಕ್ಕಿಲ್ಲ, ಮೇಜಿನ ಮೇಲೆ ಧೂಳಿಲ್ಲ. ಎದುರಿನವರು ಮೇಜು ಗುದ್ದಿ ಕೂಗಾಡಿದರೂ ಅವಳ ದನಿ ಏರುತ್ತಿರಲಿಲ್ಲ. ಹೊಸದಾಗಿ ಸೇರಿದವರಿಗೆ ಮೇಲಧಿಕಾರಿ ಅವಳನ್ನೇ ತೋರಿಸಿ, ‘ಹೀಗಿರಬೇಕು’ ಎನ್ನುತ್ತಿದ್ದರು.

ತಮಾಷೆಯೆಂದರೆ ಮನೆಯಲ್ಲಿ ಅವಳಿಗೆ ಗಿಣಿ ಎಂದು ಹೆಸರು. ಚಿಕ್ಕಂದಿನಲ್ಲಿ ಬಾಯಿಗೆ ಬಿಡುವೇ ಇರಲಿಲ್ಲವಂತೆ. ಅಪ್ಪ ಅಮ್ಮ ಈ ದೇಶಕ್ಕೆ ಬಂದಮೇಲೆ ಹುಟ್ಟಿದವಳು ಅವಳು, ಒಬ್ಬಳೇ ಮಗಳು. ಅವಳು ಅಬ್ಬಾ ಎಂದು ಕರೆಯುತ್ತಿದ್ದ ಅಪ್ಪ ಆಸ್ಪತ್ರೆಯೊಂದರ ನೆಲಮಾಳಿಗೆಯಲ್ಲಿ ಹಾಸಿಗೆ ಬಟ್ಟೆ ಒಗೆಯುವ ಯಂತ್ರಗಳ ಮುಂದೆ ದುಡಿದರು. ಅಮ್ಮಿ ಮನೆಯಲ್ಲೇ ಹೊಲಿಗೆ ಹಾಕಿದರು. ಇಬ್ಬರಿಗೂ ಈ ಊರಿನ ಭಾಷೆ ನಾಲಿಗೆಗೆ ಹತ್ತಲಿಲ್ಲ. ಹಾಗಾಗಿ ಆರು ವರ್ಷದ ಗಿಣಿಯೇ ಡಾಕ್ಟರ ಎದುರು ಅಮ್ಮಿಯ ಹೊಟ್ಟೆನೋವನ್ನು ವಿವರಿಸಿದಳು. ಮನೆ ಮಾಲೀಕನ ಬೈಗುಳವನ್ನು ಅರ್ಧಕ್ಕರ್ಧ ಇಳಿಸಿ ಅಬ್ಬಾಗೆ ತಿಳಿಸಿದಳು. ಹೊಲಿಗೆ ಯಂತ್ರದ ಕೆಳಗೆ ಕೂತು ದಾರದ ಉಂಡೆಗಳಿಗೆಲ್ಲ ತನ್ನದೇ ಹೆಸರಿಟ್ಟು ಅವುಗಳೊಂದಿಗೂ ಹರಟಿದಳು: ಹಾಲು, ಹೊಗೆ, ಇಟ್ಟಿಗೆ, ಬದನೆಕಾಯಿ. ಹಳದಿಯೂ ಅಲ್ಲದ ಹಸಿರೂ ಅಲ್ಲದ ಒಂದು ಉಂಡೆಗೆ ಬೆಕ್ಕಿನ ಕಣ್ಣು.

ಆಗ ಹೊರಗಿನಿಂದ ಬಂದವರಲ್ಲಿ ಒಂದು ಭಯವಿತ್ತು. ಆಫೀಸಿನವರು ಬಂದು ಮಕ್ಕಳನ್ನು ಕರೆದುಕೊಂಡು ಹೋಗುತ್ತಾರೆ, ಆಮೇಲೆ ಆ ಮಕ್ಕಳು ಸಿಕ್ಕರೂ ನಮ್ಮ ಭಾಷೆ ಮರೆತಿರುತ್ತಾರೆ ಎಂದು. ಗಿಣಿಗೆ ಎಂಟಾದಾಗ ಇಸ್ತ್ರಿ ಪೆಟ್ಟಿಗೆ ಜಾರಿ ಮುಂಗೈ ಸುಟ್ಟಿತು. ಶಾಲೆಯಲ್ಲಿ ಟೀಚರು ನೋಡಿದರು. ವಾರ ಕಳೆಯುವುದರಲ್ಲಿ ಬಾಗಿಲಲ್ಲಿ ಒಬ್ಬ ಹೆಂಗಸು ಬಂದು ನಿಂತರು. ಅಬ್ಬಾ ಮಗಳನ್ನು ಗೋಡೆಯೊಳಗಿನ ಕಪಾಟಿಗೆ, ರಜಾಯಿಗಳ ಹಿಂದಕ್ಕೆ ತಳ್ಳಿ, ‘ಆಫೀಸರ್ ಹೋಗೋವರೆಗೂ ಉಸಿರು ಬಿಡಬೇಡ’ ಎಂದರು. ಅವಳಿಗೆ ನೆನಪಿರುವುದು ಇಷ್ಟು: ಕತ್ತಲು, ಹತ್ತಿಯ ವಾಸನೆ, ಮನಸ್ಸಿನಲ್ಲೇ ಒಂದೊಂದಾಗಿ ಹೇಳಿಕೊಂಡ ದಾರದ ಹೆಸರುಗಳು. ಆಮೇಲೆ ಅಡುಗೆಮನೆಯಲ್ಲಿ ನಿಂತು ನೀರು ಕುಡಿದದ್ದು. ನಡುವೆ ಏನೂ ಇಲ್ಲ. ಆ ತಿಂಗಳೇ ಅಬ್ಬಾ ಮನೆ ಬದಲಾಯಿಸಿದರು, ದೂರದ ಇನ್ನೊಂದು ಬೀದಿಗೆ.

ಮುಂದೆ ಅವಳು ಓದಿ ಇದೇ ಕೆಲಸ ಹಿಡಿದಾಗ ಅಬ್ಬಾ ಊಟದ ತಟ್ಟೆಯಿಂದ ಕೈ ತೆಗೆದು, ‘ಎಲ್ಲಾ ಬಿಟ್ಟು ಅವರ ಕೆಲಸಕ್ಕಾ?’ ಎಂದಿದ್ದರು. ‘ಹೌದು’ ಎಂದಷ್ಟೇ ಅಂದಳು. ಅಬ್ಬಾ ತೀರಿಕೊಂಡರು. ಮದುವೆಯ ಮಾತು ಬಂತು, ಹೋಯಿತು. ಅಮ್ಮಿಯೂ ಅವಳೂ ಇಬ್ಬರೇ ಉಳಿದರು.

ಅವಳಿಗೆ ಮೂವತ್ತೆಂಟು ನಡೆಯುತ್ತಿದ್ದಾಗ ಮುನ್ನಿಯ ದೂರು ಬಂತು. ಏಳು ವರ್ಷದ ಹುಡುಗಿ. ಅಪ್ಪ ಬೇಕರಿಯಲ್ಲಿ ಹಿಟ್ಟು ನಾದುವವನು, ಅಮ್ಮ ಮನೆಯಲ್ಲಿ. ಬಂದು ಎರಡು ವರ್ಷವಾಗಿಲ್ಲ. ಹುಡುಗಿಯ ಹಣೆಯ ಮೇಲೂ ಗದ್ದದ ಮೇಲೂ ಗಾಯ ನೋಡಿದ್ದಾಗಿ ಶಾಲೆಯವರು ಹೇಳಿದ್ದರು. ಕೇಳಿದ ಮರುದಿನದಿಂದ ಹುಡುಗಿ ಶಾಲೆಗೇ ಬಂದಿಲ್ಲ. ಮೇಲಧಿಕಾರಿ ಎಂದಿನಂತೆ, ‘ನಿಮ್ಮೋರೇ’ ಎಂದರು. ಅವಳು ಎಂದಿನಂತೆ ತಲೆಯಾಡಿಸಿ ಚೀಲ ಹೆಗಲಿಗೇರಿಸಿದಳು.

ಮೋಡ ಮುಚ್ಚಿದ ಮಧ್ಯಾಹ್ನ. ಬೀದಿಗೆ ಇಟ್ಟಿದ್ದ ಹೊಸ ಹೆಸರು ಅವಳು ಕೇಳಿದ್ದಲ್ಲ. ಕಟ್ಟಡಕ್ಕೆ ಹೊಸ ಬಣ್ಣ, ಹೊಸ ಫಲಕ, ಹೊಸ ಲಿಫ್ಟು. ಲಿಫ್ಟು ಕೆಟ್ಟಿತ್ತು. ಮೆಟ್ಟಿಲು ಹತ್ತುತ್ತ ಕಟಕಟೆಯ ಕಬ್ಬಿಣದ ಕಂಬಿಯ ಮೇಲೆ ಕೈಯಿಟ್ಟಳು. ಎರಡನೇ ಮಹಡಿಯ ತಿರುವು ಬರುವ ಮೊದಲೇ ಅವಳ ಕೈ ತಾನಾಗಿ ಕಟಕಟೆಯಿಂದ ಮೇಲೆದ್ದು, ಎರಡು ಹೆಜ್ಜೆ ಗಾಳಿಯಲ್ಲೇ ಸಾಗಿ, ಮತ್ತೆ ಇಳಿಯಿತು. ಯಾಕೆ ಹಾಗೆ ಮಾಡಿದೆ ಎಂದು ಅವಳೇ ನಿಂತು ನೋಡಿದಳು. ಕೈ ಬಿಟ್ಟಿದ್ದ ಜಾಗದಲ್ಲಿ ಕಬ್ಬಿಣ ಸೀಳಿ ಚೂಪಾಗಿ ಎದ್ದಿತ್ತು. ಅದರ ಮೇಲೂ ಹೊಸ ಬಣ್ಣ ಬಳಿದಿದ್ದರು. ಅವಳಿಗೆ ಗೊತ್ತಿಲ್ಲದ್ದು ಅವಳ ಕೈಗೆ ಗೊತ್ತಿತ್ತು.

ನಾಲ್ಕನೇ ಮಹಡಿಯಲ್ಲಿ ಕೊನೆಯ ಬಾಗಿಲು. ತಟ್ಟಲು ಎತ್ತಿದ ಕೈ ಸ್ವಲ್ಪ ಹೊತ್ತು ಹಾಗೇ ನಿಂತಿತು. ಎಷ್ಟೋ ಬಾಗಿಲು ತಟ್ಟಿದವಳು, ಆ ದಿನ ಬಾಗಿಲ ಆಚೆ ಬದಿಯಲ್ಲಿ ಜನ ಉಸಿರು ಬಿಗಿಹಿಡಿದು ನಿಂತಿದ್ದಾರೆಂಬುದನ್ನು ತನ್ನ ಎದೆಯಲ್ಲೇ ಕೇಳಿಸಿಕೊಂಡಳು. ತಟ್ಟಿದಳು. ಒಳಗೆ ಓಡಾಡಿದ ಸದ್ದು, ಏನೋ ಎಳೆದ ಸದ್ದು, ಆಮೇಲೆ ನಿಶ್ಶಬ್ದ. ಬಾಗಿಲು ತೆರೆಯಿತು.

‘ಸಲಾಂ’ ಎಂದಳು.

ಬೇಕರಿಯವನ ಹೆಂಡತಿ ಸಲಾಂ ಹೇಳಿ ಒಳಗೆ ಬಿಟ್ಟಳು. ಇನ್ನೂ ಚಿಕ್ಕ ಪ್ರಾಯದ ಹೆಂಗಸು. ಮುಖ ಬಿಳಿಚಿತ್ತು. ಗಂಡ ನಿದ್ದೆಗಣ್ಣಲ್ಲಿ ಎದ್ದು ಬಂದು ಕುರ್ಚಿ ಹಾಕಿದ. ಬಾಗಿಲಕ್ಕ ಮನೆಯ ಸುತ್ತ ನೋಡಿದಳು. ಕಿಟಕಿ ಇದ್ದಲ್ಲೇ ಇತ್ತು. ಅಮ್ಮಿಯ ಹೊಲಿಗೆ ಯಂತ್ರವಿದ್ದ ಮೂಲೆಯಲ್ಲಿ ಈಗ ಫ್ರಿಜ್ಜು. ಎದುರುಗೋಡೆಯಲ್ಲಿ, ಎರಡು ಬಾಗಿಲಿನ, ಹಿಡಿಕೆ ಕಿತ್ತು ಹೋದ ಕಪಾಟು.

‘ಮುನ್ನಿ ಎಲ್ಲಿ?’

‘ಚಿಕ್ಕಮ್ಮನ ಮನೆಗೆ ಹೋಗಿದಾಳೆ ಮೇಡಂ’ ಎಂದ ಬೇಕರಿಯವನು. ‘ಸ್ವಲ್ಪ ದಿನ ಅಲ್ಲೇ ಇರ್ತಾಳೆ.’

ಅಬ್ಬಾ ಆವತ್ತು ಹೇಳಿದ್ದೂ ಇಂಥದೇ ಮಾತಿರಬೇಕು. ಚಿಕ್ಕಮ್ಮನ ಮನೆ. ಬೇಕರಿಯವನ ದನಿ ತಗ್ಗಿತ್ತು. ನಿಯಮದ ಪ್ರಕಾರ ಅವಳು ಎದ್ದು ಕಪಾಟು ತೆರೆಯಬೇಕಿತ್ತು. ಮಗು ಅಲ್ಲಿದೆಯೆಂದು ಅವಳಿಗೆ ಗೊತ್ತಿತ್ತು. ತನಗೆ ಗೊತ್ತಾಗಿದೆಯೆಂದು ಆ ಇಬ್ಬರಿಗೂ ಗೊತ್ತಿತ್ತು. ಆದರೂ ಅವಳು ಕುರ್ಚಿ ಬಿಟ್ಟೇಳಲಿಲ್ಲ. ಫ್ರಿಜ್ಜು ಗುರುಗುಟ್ಟಿ ನಿಂತಿತು. ಆ ಸದ್ದು ನಿಂತ ಮೇಲೆ, ಕಪಾಟಿನೊಳಗಿಂದ ಪಿಸುಮಾತು ಕೇಳಿಸಿತು.

‘ಹಾಲು. ಹೊಗೆ. ಇಟ್ಟಿಗೆ. ಬದನೆಕಾಯಿ…’ ಪುಟ್ಟ ಮಗುವಿನ ದನಿ. ‘ಆಮೇಲೆ ಏನು?’

ಇನ್ನೊಂದು ದನಿ, ಅದಕ್ಕಿಂತ ತುಸು ದೊಡ್ಡ ಮಗುವಿನದು, ಉಸಿರಿನಷ್ಟೇ ಸಣ್ಣಗೆ ಹೇಳಿತು:

‘ಬೆಕ್ಕಿನ ಕಣ್ಣು.’

ಬಾಗಿಲಕ್ಕ ಹೆಂಗಸಿನ ಮುಖ ನೋಡಿದಳು.

‘ಮನೇಲಿ ಎಷ್ಟು ಮಕ್ಕಳು?’

‘ಒಬ್ಬಳೇ ಮೇಡಂ. ಮುನ್ನಿ ಒಬ್ಬಳೇ.’ ಹೆಂಗಸಿನ ಕಣ್ಣಿಂದ ನೀರು ಇಳಿಯಲು ಶುರುವಾಯಿತು. ‘ಅವಳಿಗೆ ಆಡೋಕೆ ಯಾರೂ ಇಲ್ಲ. ಅದಕ್ಕೆ ಹಾಗೆ ಇಬ್ಬರ ದನೀಲಿ ಮಾತಾಡ್ತಾಳೆ ಅಂತ ನಾವಂದ್ಕೊಂಡಿದ್ವಿ.’

‘ಸುಮ್ನಿರು’ ಎಂದ ಗಂಡ.

‘ಏನು ಸುಮ್ನಿರೋದು? ನಿಮಗೂ ಕೇಳಿಸಿಲ್ವಾ?’ ಹೆಂಗಸು ಅವನ ಕಡೆ ತಿರುಗಿದಳು. ‘ಮುನ್ನಿ ನನ್ನ ಪಕ್ಕದಲ್ಲಿ ಮಲಗಿ ನಿದ್ದೆ ಮಾಡ್ತಿದ್ದಾಗಲೂ ಕೇಳಿಸಿಲ್ವಾ?’

ಬೇಕರಿಯವನು ತಲೆ ತಗ್ಗಿಸಿ ತನ್ನ ಅಂಗೈ ನೋಡಿಕೊಂಡ. ಉಗುರಿನ ಸಂದಿಯಲ್ಲಿ ಹಿಟ್ಟು ಒಣಗಿತ್ತು.

ಬಾಗಿಲಕ್ಕ ಎದ್ದು, ಕಪಾಟಿನ ಮುಂದೆ ನೆಲದ ಮೇಲೆ ಕೂತಳು. ಆ ಹೊತ್ತಿಗೆ ಕಚೇರಿಯ ಮಾತು ಒಂದೂ ಬಾಯಿಗೆ ಬರಲಿಲ್ಲ. ಮನೆಯ ಭಾಷೆಯಲ್ಲಿ, ಅಮ್ಮಿಯೊಂದಿಗೆ ಆಡುವ ಭಾಷೆಯಲ್ಲಿ ಹೇಳಿದಳು: ‘ಮುನ್ನಿ, ನಾನು ಯಾರನ್ನೂ ಎಲ್ಲಿಗೂ ಕರ್ಕೊಂಡು ಹೋಗೋಕೆ ಬಂದಿಲ್ಲಮ್ಮ. ಹಣೆಗೆ ಏನಾಯ್ತು ಅಂತ ಕೇಳೋಕೆ ಬಂದೆ, ಅಷ್ಟೇ. ಒಳಗೆ ಸೆಕೆ ಅಲ್ವಾ? ಈಚೆ ಬಾ.’

ಪಿಸುಪಿಸು ಸಾಗಿತು. ಯಾರೋ ಯಾರಿಗೋ ಏನೋ ಒಪ್ಪಿಸುತ್ತಿರುವ ಹಾಗೆ. ಒಂದು ಬಾಗಿಲು ಅರ್ಧ ತೆರೆಯಿತು. ರಜಾಯಿಗಳ ನಡುವಿಂದ ಮುನ್ನಿ ತೆವಳಿಕೊಂಡು ಬಂದಳು. ತೆಳ್ಳನೆಯ ಹುಡುಗಿ, ಹಣೆಯ ಮೇಲೆ ಹಳದಿಗಟ್ಟಿದ ಬಾವು. ಬಂದವಳೇ ಹಿಂದೆ ತಿರುಗಿ ಕತ್ತಲೊಳಗೆ ಒಮ್ಮೆ ನೋಡಿ, ಕಪಾಟಿನ ಬಾಗಿಲನ್ನು ಜೋಪಾನವಾಗಿ ಮುಚ್ಚಿದಳು.

‘ಅಕ್ಕ ಬರಲ್ವಂತೆ’ ಎಂದಳು.

‘ಯಾವ ಅಕ್ಕ?’

‘ಒಳಗಿನಕ್ಕ. ಆಫೀಸರ್ ಹೋದ ಮೇಲೆ ಬರ್ತಾಳಂತೆ.’

ಬಾಗಿಲಕ್ಕನ ಕೊರಳಿನ ಗುರುತಿನ ಚೀಟಿ ಸದ್ದಿಲ್ಲದೆ ಒಮ್ಮೆ ತಿರುಗಿ ನಿಂತಿತು. ಕಪಾಟಿಗೂ ಅವಳಿಗೂ ನಡುವೆ ಒಂದು ಮೊಳ ಜಾಗ. ಕೈ ಚಾಚಿದರೆ ಬಾಗಿಲು. ಅವಳು ಚಾಚಲಿಲ್ಲ. ಕಚೇರಿಯಲ್ಲಿ ಹೇಳಿಕೊಡುವ ಧೈರ್ಯವೆಲ್ಲ ಬೇರೆಯವರ ಮನೆಯ ಕಪಾಟಿಗೆ ಸಾಕಾಗುತ್ತದೆ. ಇದು ಬೇರೆಯವರ ಮನೆಯಾಗಿರಲಿಲ್ಲ.

ಮುನ್ನಿಯ ಕೈ ಹಿಡಿದು ಕಿಟಕಿಯ ಬಳಿ ಬಂದಳು. ಕೇಳಬೇಕಾದದ್ದನ್ನು ಕೇಳಿದಳು. ಮುಚ್ಚಿಟ್ಟಿದ್ದೆಲ್ಲ ಒಂದೇ ಸಲ ಈಚೆ ಬಂತು. ಹುಡುಗಿಗೆ ಮೂರ್ಛೆ ಬರುತ್ತಿತ್ತು. ನಿಂತಲ್ಲೇ ಕಣ್ಣು ಮೇಲಾಗಿ, ಕಡಿದ ಮರದಂತೆ ಬೀಳುತ್ತಿದ್ದಳು. ಬಿದ್ದಾಗ ಆದದ್ದು ಆ ಗಾಯಗಳು. ‘ಹೊಡೆದಿದೀರಿ ಅಂತಾರೆ, ಕಿತ್ಕೊಂಡು ಹೋಗ್ತಾರೆ ಅಂತ ಎಲ್ಲರೂ ಹೇಳಿದ್ರು’ ಎಂದ ಬೇಕರಿಯವನು. ‘ಇದ್ದೋಳು ಒಬ್ಬಳು ಮೇಡಂ.’ ಗಂಡಸು, ಮಗಳೆದುರು ಅತ್ತ.

‘ನಾಳೆ ಬೆಳಿಗ್ಗೆ ಆಸ್ಪತ್ರೆಗೆ ಹೋಗೋಣ’ ಎಂದಳು ಬಾಗಿಲಕ್ಕ. ‘ನಾನೇ ಬರ್ತೀನಿ. ಮಾತ್ರೆಯಲ್ಲಿ ಹಿಡಿತಕ್ಕೆ ಬರೋ ಕಾಯಿಲೆ ಇದು. ಯಾರೂ ಕಿತ್ಕೊಂಡು ಹೋಗಲ್ಲ.’

ಆ ಮಾತು ಆಡಿದ ಕೂಡಲೇ ಕಪಾಟಿನಲ್ಲಿ ಯಾರೋ ಉಸಿರು ಬಿಟ್ಟ ಸದ್ದಾಯಿತು. ಬಹಳ ಹೊತ್ತಿನಿಂದ ಹಿಡಿದಿಟ್ಟದ್ದನ್ನು ಬಿಟ್ಟ ಹಾಗೆ. ನಾಲ್ಕೂ ಜನ ಆ ಕಡೆ ನೋಡಿದರು.

ಮನೆಗೆ ಬಂದಾಗ ಇನ್ನೂ ಬೆಳಕಿತ್ತು. ಅಮ್ಮಿ ಕಿಟಕಿಯ ಹತ್ತಿರ ಕೂತು ಒಂದು ಹಳೆಯ ಕುಪ್ಪಸದ ಹೊಲಿಗೆ ಬಿಚ್ಚುತ್ತಿದ್ದರು. ಕಣ್ಣು ಮಂದವಾಗಿದ್ದರೂ ಬೆರಳಿಗೆ ಕೆಲಸ ಬೇಕು ಅವರಿಗೆ. ಬಾಗಿಲಕ್ಕ ಚೀಲ ಇಳಿಸಿ ಎದುರಿಗೆ ಕೂತಳು.

‘ಅಮ್ಮಿ, ನಾವು ಮೊದಲಿದ್ದ ಮನೇಲಿ ಗೋಡೆ ಕಪಾಟು ಇತ್ತಲ್ಲ?’

ಅಮ್ಮಿಯ ಕೈ ನಿಂತಿತು. ‘ಯಾಕೆ ಈಗ ಅದು?’

‘ಆವತ್ತು ನನ್ನನ್ನ ಒಳಗೆ ಕೂಡಿಸಿದ್ರಲ್ಲ. ಎಷ್ಟು ಹೊತ್ತು ಇದ್ದೆ ನಾನು?’

ಅಮ್ಮಿ ಮಗಳನ್ನು ನೋಡಲಿಲ್ಲ, ಬಟ್ಟೆಯನ್ನೇ ಸವರುತ್ತಿದ್ದರು. ‘ಆಫೀಸರಮ್ಮ ಬೇಗ ಹೋದ್ರು. ನಿಮ್ಮಬ್ಬಾ ಓಡಿಹೋಗಿ ಕಪಾಟು ತೆಗೆದ್ರು. ನೀನು ಇರಲಿಲ್ಲ.’

‘ಇರಲಿಲ್ಲ ಅಂದ್ರೆ?’

‘ಇರಲಿಲ್ಲ ಅಂದ್ರೆ ಇರಲಿಲ್ಲ ಕಣೇ. ರಜಾಯಿ ಎಲ್ಲಾ ಎಳೆದು ಹಾಕಿದ್ವಿ. ಕೈ ಹಾಕಿ ತಡಕಿದ್ವಿ. ಗೋಡೆ. ಬರೀ ಗೋಡೆ. ಅಬ್ಬಾ ಹುಚ್ಚರ ಥರ ಬೀದಿಗೆ ಓಡಿದ್ರು. ನಾನು ಅದರ ಮುಂದೇನೇ ಕೂತೆ. ಬಾಗಿಲು ಮುಚ್ಚಿ, ದೇವರ ಹೆಸರು ಹೇಳ್ತಾ ಕೂತೆ. ಹೊತ್ತು ಮುಳುಗೋ ಹೊತ್ತಿಗೆ ಬಾಗಿಲು ಒಳಗಿಂದ ತೆಗೀತು. ನೀನು ಬಂದೆ.’

‘ಎಲ್ಲೋ ಮೂಲೇಲಿ ಮುದುಡಿಕೊಂಡು ನಿದ್ದೆ ಹೋಗಿದ್ದೆನೇನೋ.’

‘ಅಬ್ಬಾನೂ ಹಾಗೇ ಅಂದ್ರು. ಆಮೇಲೆ ಆ ಮಾತು ಎತ್ತೋಕೇ ಬಿಡಲಿಲ್ಲ.’ ಅಮ್ಮಿ ದಾರದ ತುಂಡೊಂದನ್ನು ಬೆರಳಿಗೆ ಸುತ್ತಿಕೊಂಡರು. ‘ಒಳಗೆ ಹೋದಾಗ ನಿನ್ನ ತಲೆ ಹಕ್ಕಿಗೂಡು. ನಾನು ಬಾಚಿರಲಿಲ್ಲ ಆವತ್ತು. ಬಂದಾಗ ಎರಡು ಜಡೆ. ಒಂದು ಕೂದಲು ಈಚೆ ಇರಲಿಲ್ಲ. ನಾನು ಹೆಣೆದ ಜಡೆ ಅಲ್ಲ ಅದು, ನನ್ನ ಕೈ ನನಗೆ ಗೊತ್ತಿಲ್ವಾ? ಬಂದು ನಿಂತು, ಈ ಊರಿನ ಭಾಷೇಲಿ ನನ್ನನ್ನ ಕೇಳಿದೆ, “ಸ್ವಲ್ಪ ನೀರು ಕೊಡ್ತೀರಾ?” ಅಂತ. ಕೊಡ್ತೀರಾ! ಹೆತ್ತ ತಾಯಿಗೆ. ಯಾರೋ ಪರವೂರಿನವರನ್ನ ಕೇಳೋ ಹಾಗೆ.’

ಬಾಗಿಲಕ್ಕನಿಗೆ ಆ ನೀರಿನ ರುಚಿ ನೆನಪಿತ್ತು. ಅದಕ್ಕಿಂತ ಹಿಂದಿನದು, ದಾರದ ಹೆಸರುಗಳು, ಹರಟೆ, ಡಾಕ್ಟರ ಎದುರಿನ ಮಾತು, ಅದೆಲ್ಲ ತನಗೆ ನೆನಪಿತ್ತೋ ಅಥವಾ ಅಮ್ಮಿ ಹೇಳಿ ಹೇಳಿ ಗೊತ್ತಿತ್ತೋ ಎಂದು ಯೋಚಿಸಿದಳು. ಯೋಚನೆ ಮುಂದಕ್ಕೆ ಹೋಗಲಿಲ್ಲ.

‘ಮತ್ತೆ ನೀವೇನು ಮಾಡಿದ್ರಿ ಅಮ್ಮಿ?’

‘ಏನು ಮಾಡ್ಲಿ? ಕೈ ಹಿಡಿದು ನೋಡಿದೆ. ಇಸ್ತ್ರಿ ಸುಟ್ಟ ಗುರುತು ಇತ್ತು. ನನಗಷ್ಟು ಸಾಕಾಯ್ತು.’ ಅಮ್ಮಿ ಮೊದಲ ಬಾರಿಗೆ ತಲೆಯೆತ್ತಿ ಅವಳ ಮುಂಗೈಯನ್ನು ತಡವಿದರು. ‘ನೀರು ಕೊಟ್ಟೆ. ಊಟ ಹಾಕಿದೆ. ಸಾಕಿದೆ. ನನ್ನ ಮಗಳಲ್ದೆ ಮತ್ಯಾರು ನೀನು?’

ಆ ಪ್ರಶ್ನೆಗೆ ಉತ್ತರ ಬೇಕಿತ್ತೋ ಏನೋ, ಅಮ್ಮಿಯ ಬೆರಳುಗಳು ಗುರುತಿನ ಮೇಲೇ ಸ್ವಲ್ಪ ಹೊತ್ತು ನಿಂತವು.

ಮುನ್ನಿಯ ಕಥೆ ಸುಸೂತ್ರವಾಗಿಯೇ ಸಾಗಿತು. ಆಸ್ಪತ್ರೆಯಲ್ಲಿ ತಲೆಗೆ ತಂತಿ ಅಂಟಿಸಿ ನೋಡಿದರು, ಮಾತ್ರೆ ಕೊಟ್ಟರು. ಬೀಳುವುದು ಕಡಿಮೆಯಾಯಿತು. ಬಾಗಿಲಕ್ಕ ಶಾಲೆಗೆ ಹೋಗಿ ಟೀಚರನ್ನು ಕೂರಿಸಿಕೊಂಡು, ಹುಡುಗಿ ಬಿದ್ದರೆ ಏನು ಮಾಡಬೇಕು, ಏನು ಮಾಡಬಾರದು ಎಂದು ಹೇಳಿಬಂದಳು. ಆ ಮನೆಗೆ ಮತ್ತೆ ಮತ್ತೆ ಹೋದಳು. ಹೋದಾಗಲೆಲ್ಲ ಕಪಾಟಿಗೆ ಬೆನ್ನು ಹಾಕದಂತೆ ಕೂತಳು. ಅದು ಯಾವಾಗಲೂ ಒಂದು ಬೆರಳಿನಷ್ಟು ತೆರೆದಿರುತ್ತಿತ್ತು. ‘ಮುಚ್ಚಿದ್ರೂ ತೆರೀತದೆ ಅಕ್ಕ’ ಎನ್ನುತ್ತಿದ್ದಳು ಬೇಕರಿಯವನ ಹೆಂಡತಿ. ಮೇಡಂ ಹೋಗಿ ಅಕ್ಕ ಆಗಿತ್ತು. ‘ನೀವು ಬರೋ ದಿನ ಇನ್ನೂ ಬೇಗ.’

ಕೊನೆಗೆ ಅವರಿಗೆ ಬೇಕರಿಯ ಹತ್ತಿರವೇ ನೆಲಮಹಡಿಯಲ್ಲಿ ಮನೆ ಸಿಕ್ಕಿತು. ಮೂರ್ಛೆ ಬರುವ ಮಗುವಿಗೆ ಮೆಟ್ಟಿಲು ಒಳ್ಳೆಯದಲ್ಲ ಎಂದು ಬಾಗಿಲಕ್ಕನೇ ಓಡಾಡಿ ಹುಡುಕಿಸಿದ್ದು. ಸಾಮಾನು ಸಾಗಿಸಿದ ಮಧ್ಯಾಹ್ನ ಅವಳೂ ಹೋದಳು. ಗಂಡ ಹೆಂಡತಿ ಕೊನೆಯ ಗಂಟನ್ನು ಇಳಿಸಲು ಕೆಳಗೆ ಹೋದರು. ಮುನ್ನಿ ಬಾಗಿಲಲ್ಲಿ ನಿಂತಳು.

‘ಒಳಗಿನಕ್ಕನಿಗೆ ಹೇಳಿದ್ಯಾ ಹೋಗ್ತೀನಿ ಅಂತ?’ ಬಾಗಿಲಕ್ಕ ಕೇಳಿದಳು. ತಾನು ಅದನ್ನು ಎಷ್ಟು ಸಹಜವಾಗಿ ಕೇಳಿದೆ ಎಂದು ಕೇಳಿದ ಮೇಲೆ ಹೊಳೆಯಿತು.

‘ಹೇಳ್ದೆ. ಅತ್ತಳು.’ ಮುನ್ನಿ ಕಾಲಿನ ಹೆಬ್ಬೆರಳಲ್ಲಿ ನೆಲ ಕೆರೆದಳು. ‘ಒಬ್ಬಳೇ ಹೇಗಿರ್ತಾಳೆ? ನೀವು ಕರೀರಿ.’

ಮುನ್ನಿ ಓಡಿ ಇಳಿದಳು. ಖಾಲಿ ಮನೆ. ಗೋಡೆಯ ಮೇಲೆ ಫ್ರಿಜ್ಜು ಇದ್ದ ಜಾಗದಷ್ಟೇ ಬಿಳಿ. ಬಾಗಿಲಕ್ಕ ಕೊರಳಿನ ಗುರುತಿನ ಚೀಟಿ ತೆಗೆದು ಚೀಲದೊಳಗಿಟ್ಟಳು. ಶೂ ಬಿಚ್ಚಿದಳು. ಕಪಾಟಿನ ಎರಡೂ ಬಾಗಿಲು ತೆರೆದಳು. ಏನೂ ಇರಲಿಲ್ಲ. ಒಂದು ಹಲಗೆ, ಉದುರಿದ ಸುಣ್ಣ, ಹತ್ತಿಯ ವಾಸನೆ. ನಡುಹಗಲಿನ ಬೆಳಕು ಬಿದ್ದರೂ ಹಿಂದಿನ ಗೋಡೆ ಎಲ್ಲಿದೆಯೆಂದು ಸರಿಯಾಗಿ ಕಾಣುತ್ತಿರಲಿಲ್ಲ. ಕೈ ಚಾಚಿದಳು. ಮೊಣಕೈವರೆಗೂ ಹೋಯಿತು, ಹೆಗಲವರೆಗೂ ಹೋಯಿತು. ಬೆರಳಿಗೆ ಗೋಡೆ ತಾಗಲಿಲ್ಲ. ಗಾಳಿ ತಾಗಿತು, ಬೆಚ್ಚಗಿನ ಗಾಳಿ.

ಕೈ ಹಿಂದಕ್ಕೆಳೆದುಕೊಂಡು, ನೆಲಕ್ಕೆ ಕುಕ್ಕರಿಸಿ, ಮನೆಯ ಭಾಷೆಯಲ್ಲಿ ಹೇಳಿದಳು: ‘ಹೋದ್ರು. ಆಫೀಸರ್ ಹೋದ್ರು ಗಿಣಿ. ಬಾ.’

ತನ್ನ ಹೆಸರನ್ನು ತಾನೇ ಕೂಗಿ ಕರೆದದ್ದು ಅವಳಿಗೆ ಅದೇ ಮೊದಲು. ಕಾದಳು. ಯಾರೂ ಬರಲಿಲ್ಲ. ಕೆಳಗಿನಿಂದ ಬೇಕರಿಯವನು ‘ಅಕ್ಕಾ’ ಎಂದು ಕೂಗಿದ. ಶೂ ಹಾಕಿಕೊಂಡು, ಕಪಾಟನ್ನು ತೆರೆದೇ ಬಿಟ್ಟು ಹೊರಟಳು.

ಮೂರನೇ ಮಹಡಿಯ ತಿರುವಿನಲ್ಲಿ ಮೇಲೆ ಬಾಗಿಲು ಹಾಕಿಕೊಂಡ ಸದ್ದು ಕೇಳಿಸಿತು. ಮನೆಯ ಬಾಗಿಲನ್ನು ಅವಳು ಆಗಲೇ ಎಳೆದು ಮುಚ್ಚಿ ಬಂದಿದ್ದಳು, ಬೀಗ ಬಿದ್ದಿತ್ತು. ಆಮೇಲೆ ಬರಿಗಾಲಿನ ಸದ್ದು, ಮೆಟ್ಟಿಲ ಮೇಲೆ, ಹಗುರವಾಗಿ. ಅವಳು ನಿಂತರೆ ನಿಲ್ಲುತ್ತಿತ್ತು, ಇಳಿದರೆ ಇಳಿಯುತ್ತಿತ್ತು. ತಿರುಗಿ ನೋಡಬೇಕೆನ್ನಿಸಿತು. ನೋಡಿದರೆ ಹೆದರಿ ಓಡಿಹೋಗಬಹುದು ಎಂದೂ ಅನ್ನಿಸಿತು. ಯಾರು ಹೆದರುವುದು, ಯಾರು ಓಡುವುದು ಎಂದು ಕೇಳಿಕೊಳ್ಳಲಿಲ್ಲ. ಮೆಲ್ಲಗೆ, ಪುಟ್ಟ ಕಾಲು ಎಟುಕಿಸಿಕೊಳ್ಳುವಷ್ಟು ಮೆಲ್ಲಗೆ ಇಳಿದಳು. ಬಸ್ಸಿನಲ್ಲಿ ಕಿಟಕಿಯ ಪಕ್ಕದ ಸೀಟು ಬಿಟ್ಟು ಈಚೆಗೆ ಕೂತಳು. ನಿಂತಿದ್ದ ಒಬ್ಬ ಮುದುಕ ಆ ಖಾಲಿ ಸೀಟನ್ನು ನೋಡಿದ, ಕೂರಲು ಬರಲಿಲ್ಲ.

ಮುಂದಿನ ವಾರ ಕಚೇರಿಯ ಸಭೆಯಲ್ಲಿ ಮುನ್ನಿಯ ವಿಷಯ ಬಂತು. ಮೇಲಧಿಕಾರಿ ಮೆಚ್ಚುಗೆಯಿಂದಲೇ ಕೇಳಿದರು: ‘ಅಲ್ಲ ಮೇಡಂ, ನಿಮ್ಮೋರು ಹೀಗೆ ಮಕ್ಕಳನ್ನ ಬಚ್ಚಿಡೋದು ಯಾಕೆ? ನಾವೇನು ತಿಂದುಬಿಡ್ತೀವಾ?’

ಎಲ್ಲರೂ ನಕ್ಕರು. ಬಾಗಿಲಕ್ಕ ಬಾಯಿ ತೆರೆದಳು. ಮೊದಲು ಬಂದದ್ದು ಮನೆಯ ಭಾಷೆ. ಯಾರಿಗೂ ಅರ್ಥವಾಗದ ನಾಲ್ಕೈದು ಮಾತು, ಎಳೆಯ ದನಿಯಲ್ಲಿ, ಗಡಗಡ ಉರುಳಿದವು. ನಗು ನಿಂತಿತು. ಅವಳು ಮೇಜಿನ ಅಂಚು ಹಿಡಿದುಕೊಂಡಳು. ಆಮೇಲೆ ಊರಿನ ಭಾಷೆಯಲ್ಲಿ ಹೇಳಿದಳು, ಕಪಾಟಿನೊಳಗೆ ಕೂತವರಿಗೆ ಆಫೀಸರ ಶೂ ಹೇಗೆ ಕೇಳಿಸುತ್ತದೆ ಎಂದು. ಬಾಗಿಲು ತಟ್ಟುವ ಸದ್ದು ಗೋಡೆಯ ಮೂಲಕ ಬೆನ್ನಿಗೆ ಹೇಗೆ ತಾಗುತ್ತದೆ ಎಂದು. ಅಬ್ಬಾನ ದನಿ ಸುಳ್ಳು ಹೇಳುವಾಗ ಹೇಗೆ ತೆಳ್ಳಗಾಯಿತು ಎಂದು. ಹಿಂದೆಂದೂ ನೆನಪಿಗೆ ಬಾರದಿದ್ದ ಒಂದೊಂದೂ ತಾನಾಗಿ ಬಂತು. ಕೊನೆಯಲ್ಲಿ, ‘ಇನ್ನು ನನ್ನೆದುರು ನಿಮ್ಮೋರು ಅನ್ನಬೇಡಿ. ಮಗು ಅನ್ನಿ, ಅಪ್ಪ ಅನ್ನಿ, ಅಮ್ಮ ಅನ್ನಿ’ ಎಂದು ಕೂತಳು. ಮೇಲಧಿಕಾರಿ ಬಹಳ ಹೊತ್ತು ಕನ್ನಡಕ ಒರೆಸಿಕೊಂಡರು. ಎರಡು ದಿನ ಬಿಟ್ಟು ಅವಳ ಮೇಜಿನ ಬಳಿ ಬಂದು, ಮೊದಲ ಭೇಟಿಗೆ ಹೇಗೆ ಹೋಗಬೇಕೆಂದು ಹೊಸಬರಿಗೆ ಕಲಿಸಿಕೊಡುತ್ತೀರಾ ಎಂದು ಕೇಳಿದರು. ಅವಳು ಒಪ್ಪಿದಳು, ಒಪ್ಪಿ ಅರ್ಧ ಗಂಟೆ ಮಾತಾಡಿದಳು.

ಅಂದಿನಿಂದ ಅವಳ ಬಾಯಿ ನಿಲ್ಲಲಿಲ್ಲ. ಝೆರಾಕ್ಸ್ ಮಾಡುವವನ ಜೊತೆ ಹರಟೆ, ಬಸ್ಸಿನಲ್ಲಿ ಹರಟೆ. ತಲೆ ಬಾಚುವುದು ಒಂದೊಂದು ದಿನ ಮರೆತೇ ಹೋಗುತ್ತಿತ್ತು. ‘ಮೇಡಂಗೆ ಏನೋ ಆಗಿದೆ’ ಎಂದು ಕೆಲವರು, ‘ಈಗಲೇ ಚೆನ್ನಾಗಿದಾರೆ’ ಎಂದು ಕೆಲವರು. ಅಮ್ಮಿ ಮೊದಮೊದಲು ಅವಳ ಮಾತು ಕೇಳುತ್ತ ಸೂಜಿ ಹಿಡಿದ ಕೈಯಲ್ಲೇ ಕಣ್ಣೊರೆಸಿಕೊಂಡರು. ಆಮೇಲೆ ಒಂದು ದಿನ, ‘ಸ್ವಲ್ಪ ಉಸಿರಾದ್ರೂ ತಗೋಳೇ, ಕಿವಿ ತೂತು ಬಿತ್ತು’ ಎಂದು ಬೈದರು. ಬೈಯುವಾಗ ಅವರ ಮುಖದಲ್ಲಿ ಇಪ್ಪತ್ತು ವರ್ಷ ಕಡಿಮೆಯಾಗಿತ್ತು.

ಚಳಿ ಶುರುವಾದಾಗ ಮುನ್ನಿಯನ್ನು ಆಸ್ಪತ್ರೆಗೆ ತೋರಿಸುವ ದಿನ ಬಂತು. ಬೇಕರಿಯವನ ಹೆಂಡತಿ ಔಷಧಿ ಅಂಗಡಿಯ ಸಾಲಿನಲ್ಲಿದ್ದಳು. ಬೆಂಚಿನ ಮೇಲೆ ಬಾಗಿಲಕ್ಕನೂ ಮುನ್ನಿಯೂ. ಹುಡುಗಿ ಕೆನ್ನೆ ತುಂಬಿಕೊಂಡಿದ್ದಳು, ಮುಂದಿನ ಹಲ್ಲು ಬಿದ್ದಿತ್ತು. ಶಾಲೆಯ ಸುದ್ದಿಯೆಲ್ಲ ಹೇಳಿ ಮುಗಿಸಿ, ಸುತ್ತ ಯಾರೂ ಕೇಳುತ್ತಿಲ್ಲವೆಂದು ನೋಡಿಕೊಂಡು, ಬಾಗಿಲಕ್ಕನ ಎದೆಗೆ ಕಿವಿ ಒತ್ತಿದಳು. ಬಾಗಿಲಕ್ಕ ಅಲುಗಲಿಲ್ಲ.

‘ಏನು ಕೇಳಿಸತ್ತೆ?’

‘ಶ್’ ಎಂದಳು ಮುನ್ನಿ. ಕಣ್ಣು ಮುಚ್ಚಿ ಕೇಳಿದಳು. ‘ಒಳಗಿನಕ್ಕ ನಿದ್ದೆ ಮಾಡ್ತಿದಾಳೆ.’

ನರ್ಸು ಬಂದು ಮುಂದಿನವರು ಎಂದು ಕರೆದಳು. ಇಬ್ಬರೂ ಸದ್ದಾಗದಂತೆ ಎದ್ದು ಒಳಗೆ ಹೋದರು.